ಹದಿನಾಲ್ಕನೇ ವಾರ್ಡಿನ ಹಾಜರಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದು
ಜಾಲರಿಗಳನ್ನು ಕೊಡವುವ ಹೊತ್ತಿಗೆ ಹೊರಟೆ.
ಉಸ್ತುವಾರಿ ಉಪಸಮಿತಿ ಎಂದರೆ ಆ ದಿನ ನಾನೊಬ್ಬಳೇ.
ಉಳಿದಿಬ್ಬರಲ್ಲಿ ಒಬ್ಬರಿಗೆ ಗೃಹಪ್ರವೇಶದ ಊಟ,
ಇನ್ನೊಬ್ಬರ ಫೋನು ಸ್ವಿಚ್ ಆಫ್.

ಹಳೇ ಸುಂಕದ ಕಟ್ಟಡ, ಹೊಸ ಹಸಿರು ಬಣ್ಣ.
ಬಾಗಿಲ ಮೇಲೆ ಬೋರ್ಡು:
ನಗರಸಭಾ ಬಾಲಾಪರಾಧ ತಡೆ ಹಾಗೂ ಮನಪರಿವರ್ತನಾ ಕೇಂದ್ರ.
ಪೂರ್ತಿ ಓದಿ ಮುಗಿಸುವಷ್ಟರಲ್ಲಿ
ಎಂಥ ಹುಡುಗನೂ ಕೋಟೆ ಬೀದಿ ದಾಟಿರುತ್ತಾನೆ.

ಒಳಗೆ ಒಂದು ಕೇರಂ ಬೋರ್ಡು, ಸ್ಟ್ರೈಕರ್ ಇಲ್ಲ.
ಪೌಡರಿಗೆ ಬಿಲ್ಲಿದೆ, ಹದಿನಾಲ್ಕು ಡಬ್ಬಿ.
ನಮ್ಮ ಬೀದಿಯ ಅಷ್ಟೂ ಹಸುಗೂಸುಗಳಿಗೆ
ಒಂದು ವರ್ಷ ಬಳಿದರೂ ಮಿಗುತ್ತಿತ್ತು.

‘ಕೂತ್ಕೊಳ್ಳಿ ಮೇಡಂ, ಟೀ ತರಿಸ್ತೀನಿ’
ಎಂದರು ಮೇಲ್ವಿಚಾರಕ ವೆಂಕಟರವಣಪ್ಪ.
ಹಾಜರಿ ಪುಸ್ತಕ ತರಿಸಿ, ಎಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು.
ಆಮೇಲೆ ಹದಿನೆಂಟು ವರ್ಷ
ಬೇಸಿನ್ನಿನ ಕುದಿನೀರಲ್ಲಿ ಬೆರಳು ಬೇಯಿಸಿದವಳು.
ಹೆಬ್ಬೆಟ್ಟಿನ ಗೆರೆ ಸವೆದು, ರೇಷನ್ ಅಂಗಡಿಯ ಯಂತ್ರ
ಇವತ್ತಿಗೂ ನನ್ನನ್ನು ಯಾರೋ ಎನ್ನುತ್ತದೆ.
ಆದರೆ ಎಳೆ ಗೊತ್ತು.
ಎಂಟು ಗೂಡಿನ ಎಳೆ ಕೂಡಿದರೆ ಒಂದು ನೂಲು,
ಒಂದು ಕಡಿದರೂ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತೆ.
ಇಲ್ಲಿ ನಲವತ್ತು ಹುಡುಗರು. ಎಳೆ ಒಂದೇ.
ಒಂದೇ ಪೆನ್ನು, ಒಂದೇ ವಾಲು,
ಭಾನುವಾರವೂ ಹಾಜರು, ಬಕ್ರೀದಿಗೂ ಹಾಜರು,
ಊರಿಗೆಲ್ಲ ಚಿಕೂನ್‌ಗುನ್ಯ ಬಂದ ವಾರವೂ
ಮಂಡಿ ನೋಯದೆ ಎಲ್ಲರೂ ಹಾಜರು.

ಇಪ್ಪತ್ತಮೂರನೇ ಹೆಸರು: ಲೋಹಿತ್, ತಾಯಿ ಗಂಗರತ್ನಮ್ಮ.
ಬೆರಳು ಅಲ್ಲೇ ನಿಂತಿತು.
ಇವಳು ನನ್ನ ಪಕ್ಕದ ಬೇಸಿನ್ನಿನವಳು.
ಮಗ ಜೂನಿನಲ್ಲಿ ಸಿಕ್ಕಿಬಿದ್ದ,
ಸ್ಕೂಲ್ ಬ್ಯಾಗಿನಲ್ಲಿ ಎರಡೂವರೆ ಕೆ.ಜಿ. ಗೂಡು.
ಅವತ್ತಿನಿಂದ ವೀಕ್ಷಣಾಲಯದಲ್ಲಿದ್ದಾನೆ,
ಅಲ್ಲಿಯ ಪುಸ್ತಕದಲ್ಲಿ ಹಾಜರು.
ಇಲ್ಲಿಯೂ, ಜೂನ್ ಜುಲೈ ಆಗಸ್ಟ್, ಹಾಜರು.
ತಾಯಿ ಒಲೆ ಮುಂದೆ ಕೂತು ಮುದ್ದೆ ಕಟ್ಟುವಾಗ ಮಾತ್ರ
ಗೈರು.

‘ಅದು ಕ್ಲರ್ಕ್ ತಪ್ಪು ಮೇಡಂ,
ಹೋದ ಸಲಾನೂ ಹಿಂಗೇ ಇತ್ತಲ್ಲ’
ಎಂದರು ವೆಂಕಟರವಣಪ್ಪ, ಮೆತ್ತಗೆ,
ಹಿಂದಿನ ಹಾಳೆಗಳನ್ನು ನನ್ನ ಕಡೆ ತಿರುಗಿಸುತ್ತಾ.

ಮೂರು ಕಂತು. ಮೂರರ ಕೆಳಗೂ
‘ಪರಿಶೀಲಿಸಲಾಗಿದೆ’.
ಅದರ ಕೆಳಗೆ ನನ್ನದೇ ಸಹಿ, ಶಮೀಮ್ ಉನ್ನಿಸಾ,
ಕಷ್ಟಪಟ್ಟು ಕಲಿತ ದುಂಡಗಿನ ಅಕ್ಷರ.
ಸಭೆಯ ಕೊನೆಗೆ, ಖಾರಾಬೂಂದಿ ತಟ್ಟೆಯ ಜೊತೆ
ಕೈಗೆ ಬಂದ ಹಾಳೆಗಳು.
ಇಲ್ಲಿ ಮಾಡಿ ಮೇಡಂ, ಇಲ್ಲಿ, ಇನ್ನೊಂದು ಇಲ್ಲಿ.
ನಾಲ್ಕನೆಯದು ಬಂದೇ ಬರುತ್ತೆ ಎಂದು ಅವರಿಗೆ ಗೊತ್ತಿತ್ತು.
ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟಿದ್ದರು.

ಟೀ ಬಂತು. ಆರಿತು.

ಹೊರಗೆ ಜಗಲಿಯಲ್ಲಿ ಮೂವರು ಹುಡುಗರು.
ಪಟ್ಟಿಯಲ್ಲಿ ಅವರ ಹೆಸರಿಲ್ಲ, ನಾನು ಹುಡುಕಿದೆ.
‘ಶಮೀಮಕ್ಕಾ, ಇವತ್ತು ಬಾಗ್ಲು ತೆಗ್ದಿದಾರಾ?’
ಚಪ್ಪಲಿ ಕಳಚಿ ಒಳಗೆ ಬಂದರು,
ದರ್ಗಾಕ್ಕೋ ಗುಡಿಗೋ ಬಂದ ಹಾಗೆ.
ಕಾಯಿ ಜೋಡಿಸಿ ಒಬ್ಬ ಜೇಬು ತಡಕಿದ,
ಸೋಡಾ ಬಾಟಲಿಯ ಮುಚ್ಚಳ. ಬೋರ್ಡಿನ ಮೇಲೆ ಅದು ಸರಿಯಲಿಲ್ಲ,
ಪೌಡರೇ ಇಲ್ಲವಲ್ಲ.

ಪೆನ್ನು ತೆಗೆದುಕೊಂಡೆ.
ಜೂನಿನಿಂದ ಶುರುಮಾಡಿ ಇಪ್ಪತ್ತಮೂರನೇ ಸಾಲಿಗೆ
ಒಂದೊಂದೇ ಚೌಕದಲ್ಲಿ ಗೈ, ಗೈ, ಗೈ ಎಂದು ಬರೆಯುತ್ತಾ ಹೋದೆ.
ಎಪ್ಪತ್ತು ದಾಟುವಾಗ ಕೈ ನೋಯುತ್ತಿತ್ತು.
ವೆಂಕಟರವಣಪ್ಪ ಯಾರಿಗೋ ಫೋನು ಮಾಡಲು ಹೊರಗೆ ಹೋದರು.
ಆಮೇಲೆ ನನ್ನ ಹಳೆಯ ಮೂರು ಸಹಿಗಳ ಹತ್ತಿರ ಬಂದೆ.
ಅವುಗಳ ಮುಂದೆ ಏನು ಬರೆಯಬೇಕೆಂದು
ಇನ್ನೂ ಗೊತ್ತಾಗಿಲ್ಲ.