ಬಿಟ್ಟ ಜಾಗ

ಕುತೈಸಿಯ ನೀರು ಸರಬರಾಜು ಕಚೇರಿ, ರಾತ್ರಿ ಎರಡು.
ಸರ್ವರ್ ಕೋಣೆಯ ಚಳಿಗೆ
ಗಂಡನ ಕೋಟು ಹೊದ್ದು ಕೂತಿದ್ದಾಳೆ ನತೇಲಾ;
ಐವತ್ತೇಳಕ್ಕೆ ಮತ್ತೆ ಒಂದನೇ ಪಾಠ.

ಪರ್ಲ್‌ನಲ್ಲಿ ಪಳಗಿದ ಬೆರಳು
ಸಾಲು ಮುಗಿದಲ್ಲೆಲ್ಲ ಅರ್ಧವಿರಾಮ ಒತ್ತುತ್ತದೆ,
ಹೆಸರಿನ ಮುಂದೆ ಡಾಲರ್ ಗುರುತು ಹಚ್ಚುತ್ತದೆ,
ತೀರಿಹೋದವರಿಗೂ ತಟ್ಟೆ ಇಟ್ಟ ಹಾಗೆ.

ಪೈಥಾನ್‌ಗೆ ಅದೇನೂ ಬೇಡ.
ಅದು ನೋಡುವುದು ಎಡಕ್ಕೆ ಬಿಟ್ಟ ಜಾಗ.
ನಾಲ್ಕು ಬಿಡಬೇಕಾದಲ್ಲಿ ಮೂರು ಬಿಟ್ಟರೆ
ಮುನಿಸು, ಕೆಂಪು ಅಕ್ಷರ, ಇಪ್ಪತ್ತನೇ ಸಾಲು.
‘ಬರೆಯದೇ ಇದ್ದದ್ದನ್ನೂ ಓದುತ್ತೀಯಲ್ಲೋ, ಮಾರಾಯ!’

ಇವತ್ತು ಒತಾರಿಯ ಸ್ಕ್ರಿಪ್ಟ್ ಬಿಚ್ಚಿದ್ದಾಳೆ.
ಹದಿನೆಂಟು ವರ್ಷ ಲಾಗುಗಳನ್ನು ಬಾಚಿ ಬಾಚಿ
ಪಂಪು ನಿಂತಾಗೆಲ್ಲ ಊರಿಗೆ ಮುಂಚೆ
ಇವಳನ್ನು ಎಬ್ಬಿಸಿದ್ದು ಅದೇ.
ಒತಾರಿ ಗುಡ್ಡದ ಮೇಲೆ ಮಲಗಿ ಎರಡು ಚಳಿಗಾಲ.
ನಟ್ಟನಡುವೆ ಅವನ ಟಿಪ್ಪಣಿ:
‘ಇದು ಯಾಕೆ ಓಡುತ್ತದೋ ನನಗೂ ಗೊತ್ತಿಲ್ಲ. ಮುಟ್ಟಬೇಡಿ.’

ಮುಟ್ಟಿದಳು.
ಸಾಲು ಸಾಲೇ ಹೊಸ ನುಡಿಗೆ ದಾಟಿಸಿ
ಬೆಳಗಿನ ಜಾವ ಮೂರನೇ ಪಂಪು ನಿಲ್ಲಿಸಿ ನೋಡಿದಳು.
ಕೋಟಿನ ಜೇಬಿನಲ್ಲಿ ಫೋನು ಕೂಗಿತು.

ಟಿಪ್ಪಣಿಯನ್ನು ಮಾತ್ರ ಇದ್ದ ಹಾಗೇ ಇಳಿಸಿಕೊಂಡಳು.
ಅದಕ್ಕೆ ಜಾಗ ಬಿಡಲೇಬೇಕೆಂದಿಲ್ಲ;
ಆದರೂ ಬಿಟ್ಟಳು,
ಎಣಿಸಿ, ನಾಲ್ಕು.