ಜೂನ್ ಒಂದು

ಎರಡು ಪೈ, ಗುಣಿಸು, ದಿನ, ಭಾಗಿಸು ಇಪ್ಪತ್ಮೂರು,
ಕೊನೆಗೆ ಸೈನ್.
ಬರ್ಮಾ ಬಜಾರಿನ ಆ ಕ್ಯಾಲ್ಕುಲೇಟರಿಗೆ ಮರೆವು ಜಾಸ್ತಿ,
ಆರಿಸಿದರೆ ಕಲಿಸಿದ್ದೆಲ್ಲ ಹೋಯಿತು.
ಹಾಗಾಗಿ ಚಿಕ್ಕಲಿಂಗಯ್ಯನವರು ಪಾಳಿ ಪೂರ್ತಿ
ಅದನ್ನು ಆರಿಸದೆ, ಬ್ರಿಕ್ಸ್ ನೋಡುವ ಮೇಜಿನ ಮೇಲೆ
ಕರವಸ್ತ್ರ ಹಾಸಿ ಮಲಗಿಸಿಡುತ್ತಿದ್ದರು.

ಎಂಬತ್ನಾಲ್ಕು, ಜನವರಿ. ಕಬ್ಬು ಅರೆಯುವ ಕಾಲ,
ಮಂಡ್ಯಕ್ಕೆ ಮಂಡ್ಯವೇ ಕಾಕಂಬಿ ನಾತ.
ಲ್ಯಾಬಿನ ಗ್ರಾಫ್ ಹಾಳೆಯಲ್ಲಿ ಮೂರು ಗೆರೆ:
ಕೆಂಪು ಮೈಗೆ, ಇಪ್ಪತ್ಮೂರು ದಿನಕ್ಕೊಂದು ಸುತ್ತು;
ನೀಲಿ ಮನಸ್ಸಿಗೆ, ಇಪ್ಪತ್ತೆಂಟು;
ಬುದ್ಧಿಗೆ ಹಸಿರು, ಅದು ನಿಧಾನ, ಮೂವತ್ಮೂರು.
ಗೆರೆ ಸೊನ್ನೆ ದಾಟುವ ದಿನ ಜೋಪಾನ, ಅನ್ನುತ್ತಿದ್ದರು
ರಾಹುಕಾಲ ನಂಬದ ಮನುಷ್ಯ.

ಹುಟ್ಟಿದ ತಾರೀಕು?
ಬಾಯ್ಲರಿನ ಕೆಂಪರಾಜು: ಜೂನ್ ಒಂದು.
ತೂಕದ ಮನೆಯ ಸಾಕಯ್ಯ: ಜೂನ್ ಒಂದು.
ಮಾತಾಡದ ಇಬ್ಬರು ದಾಯಾದಿಗಳು, ಬೇರೆ ಬೇರೆ ಬಾಗಿಲಿಂದ ಬಂದು:
ಜೂನ್ ಒಂದು. ಜೂನ್ ಒಂದು.
ಪೆನ್ನಿನ ಮುಚ್ಚಳ ಕಚ್ಚಿಕೊಂಡು ನನ್ನ ಕಡೆ ತಿರುಗಿದರು.
ನಾನೂ ಅದನ್ನೇ ಅಂದೆ. ಐವತ್ತೈದನೇ ಇಸವಿ.
"ಏನ್ರೀ, ಈ ಸೀಮೇಲಿ ಹೆಂಗಸರೆಲ್ಲ ಒಂದೇ ದಿನ ಹೆರ್ತಿದ್ರಾ?"

ಹೆರುತ್ತಿದ್ದರು, ಸ್ಕೂಲಿನ ಬಾಗಿಲಲ್ಲಿ.
ಹನಕೆರೆಯ ನಾಗಭೂಷಣಯ್ಯ ಮೇಷ್ಟ್ರೇ ಸೂಲಗಿತ್ತಿ.
ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಸರಿ,
ನಿಬ್ಬು ಅದ್ದಿ ಒಂದು ಜೂನ್ ಇಳಿಸಿ
"ಇನ್ನೊಂದು ಕರಕೊಂಡ್ಬಾ" ಅನ್ನುವರು.

ಕೆಂಪರಾಜು ನನಗಿಂತ ಒಂದು ಕ್ಲಾಸು ಮುಂದೆ;
ಅವನ ನೀಲಿ ಗೆರೆ ನನ್ನದಕ್ಕಿಂತ ಒಂದೇ ದಿನ ಮುಂದೆ.
ಇವತ್ತು ಅವನು ಮುನಿದರೆ ನಾಳೆ ನಾನು.
ಸಾಕಯ್ಯನ ಕೆಂಪು ನೆತ್ತಿಗೇರಿದ ದಿನ
ಅವನ ಸೈಕಲ್ಲು ಕಳುವಾಯಿತು.
ನನ್ನದು: ಹತ್ತು ಸಾವಿರದ ನಾನೂರ ಐವತ್ತೆರಡು ದಿನ.
ಮನಸ್ಸು ತುದಿಯಲ್ಲಿ, ಬುದ್ಧಿ ತಳದಲ್ಲಿ.
"ಇವತ್ತು ಯಾವುದಕ್ಕೂ ರುಜು ಹಾಕಬೇಡಿ, ದೇವೀರಮ್ಮ."
ಹಾಕಲಿಲ್ಲ. ಅವರ ಡಬ್ಬಿಯ ಅವರೆಕಾಳುಪ್ಪಿಟ್ಟಿಗೆ ಮಾತ್ರ
ಬೇಡ ಅನ್ನಲಿಲ್ಲ.

ಸಂಜೆ ಅವ್ವನನ್ನು ಕೇಳಿದೆ.
"ಅಸಲೆ ಮಳೆ ಕಣವ್ವ. ನಾಟಿ ಹಾಕ್ತಿದ್ದೆ.
ನಾಲೆ ನೀರು ಅವತ್ತು ನಮ್ಮ ಸರದಿ.
ನಿನ್ನ ಹೆತ್ತೆ, ಉಳಿದ ಪೈರ ನಿಮ್ಮಜ್ಜಿ ನೆಟ್ಟಳು."
ಯಾವ ವರ್ಷ?
"ನೀರಿಗೆ ವರ್ಷ ಇದ್ದದಾ?"

ಹಾಗಾದರೆ ಆ ಗೆರೆಗಳು ಯಾರವು?
ಮೇಷ್ಟ್ರ ಶಾಯಿಯಲ್ಲಿ ಹುಟ್ಟಿದವಳೊಬ್ಬಳಿದ್ದಳು.
ನನ್ನ ಹೆಸರಲ್ಲಿ ಸಂಬಳ ಎಣಿಸಿಕೊಂಡಳು;
ನಾನು ಜ್ವರದಲ್ಲಿ ನಡುಗುವಾಗ
ಕೆಂಪು ಗೆರೆಯ ನೆತ್ತಿಯಲ್ಲಿ ನಿಂತು ತಲೆ ಬಾಚಿಕೊಂಡಳು.
ಅವಳಿಗೆ ಐವತ್ತೆಂಟು ತುಂಬಿತೆಂದು
ನನ್ನನ್ನು ಮನೆಗೆ ಕಳಿಸಿದರು, ಒಂದು ಹಾರ, ಒಂದು ಗೋಡೆ ಗಡಿಯಾರ.

ಡ್ರಾಯರ್ ಖಾಲಿ ಮಾಡುವಾಗ ತಳದಲ್ಲಿ ಆ ಹಾಳೆ.
ಮೂರೂ ಬಣ್ಣ ಮಾಸಿ ಹೆಚ್ಚುಕಡಿಮೆ ಒಂದೇ ಆಗಿವೆ.
ಹಿಂಬದಿಗೆ, ನಾನು ಎಂದೂ ತಿರುಗಿಸಿ ನೋಡದ ಕಡೆ,
ಚಿಕ್ಕಲಿಂಗಯ್ಯನವರ ಸಣ್ಣ ಅಕ್ಷರ:
ಇಪ್ಪತ್ಮೂರು ಇಪ್ಪತ್ತೆಂಟಲಿ, ಅದು ಮೂವತ್ಮೂರಲಿ,
ಇಪ್ಪತ್ತೊಂದು ಸಾವಿರದ ಇನ್ನೂರ ಐವತ್ತೆರಡು.
ಮೂರೂ ಮತ್ತೆ ಒಟ್ಟಿಗೆ ಸೊನ್ನೆಗೆ, ಹುಟ್ಟಿದ ದಿನದ ಹಾಗೇ:
೭-೮-೨೦೧೩.
ಅದರ ಕೆಳಗೆ, ಬೇರೆ ಪೆನ್ನಿನಲ್ಲಿ,
"ಆಗ ಎಲ್ಲಿರುತ್ತೀರೋ."

ಇಲ್ಲೇ ಇದ್ದೇನೆ, ಗುತ್ತಲು ರಸ್ತೆ, ಎರಡನೇ ಕ್ರಾಸು.
ಇವತ್ತು ಬುಧವಾರ. ಕ್ಯಾಲೆಂಡರಿನ ಮೂಲೆಯಲ್ಲಿ
ಇರುವೆ ಸಾಲಿನಂಥ ಅಕ್ಷರ, ಆಶ್ಲೇಷ ಮಳೆ.
ಅವ್ವ ಇದ್ದಿದ್ದರೆ ತೋರಿಸುತ್ತಿದ್ದೆ.
ಅವರೆಯ ಕಾಲವಲ್ಲ; ಬರೀ ಈರುಳ್ಳಿ ಹಾಕಿ ಉಪ್ಪಿಟ್ಟು ಕೆದಕಿದೆ.
ಮಳೆ ಬರಲಿಲ್ಲ, ಮೋಡ ಮಾತ್ರ.

ಕನ್ನಡಿಯ ಮುಂದೆ ನಿಂತು
ಬಲಗೈಯನ್ನು ತಲೆಯ ಮೇಲಿಂದ ತಂದೆ.
ಎಡಗಿವಿ ಸಿಕ್ಕಿತು.
ಭುಜ ಸ್ವಲ್ಪ ಹಿಡಿಯಿತು.