ಹೊರಗಿನ ಗಡಿಯಾರ

ವಾಡಿ ಜಂಕ್ಷನ್ ದಾಟಿ, ಸಿಮೆಂಟಿನ ಬೂದಿ
ಜೋಳದ ಹಿಟ್ಟಿನಂಗ ಉದುರೋ ಕಡಿ
ನಮ್ಮ ಶೆಡ್ಡು.
ಮ್ಯಾಲ ಡಿಶ್ಶು, ದಕ್ಷಿಣಕ್ಕ ಮಾರಿ ಮಾಡಿ ನಿಂತದ.
ವಾರಕ್ಕೊಮ್ಮೆ ಆ ಮಾರಿ ನಾನೇ ತೊಳೀತೀನಿ.
ಒಳಗ ಮೋಡೆಮ್ಮು. ಮುಂದಿಂದ ನೋಡಿದ್ರ ಸಾವಕಾರ,
ಬೆನ್ನ ಹಿಂದ ಬರೇ ತೊಡಕು, ಕೇಬಲ್ಲಿನ ಮ್ಯಾಲ ಕೇಬಲ್ಲು.

ಮೇ ತಿಂಗಳ. ಏಸಿ ಕೆಟ್ಟು ಮೂರು ದಿನ.
ಚಿಂಚೋಳಿ ಎಕ್ಸ್‌ಚೇಂಜಿನ ಕಾಶಿಬಾಯಿ ಫೋನ್ ಹಚ್ಚಿ,
"ಜಗದೇವಿ, ಮಾತಿನ ನಡಕ ಟಕ್ ಅಂತದ.
ಮಂದಿ ಸೋಸ್ಕೋತಾರ. ಆದ್ರ ತಹಶೀಲಿ ಫ್ಯಾಕ್ಸು
ಅರ್ಧಕ್ಕೇ ಹರೀಲತ್ತದ" ಅಂದಳು.

ಕೈಗಡಿಯಾರ ಬಿಚ್ಚಿ ಮುಂದಿಟ್ಟು ಕುಂತೆ.
ಟಕ್. ಹನ್ನೊಂದು ನಿಮಿಷ. ಟಕ್.
ಮಳಿ ಗಾಳಿ ಹಿಂಗ ಹೊತ್ತು ನೋಡಿ ಬರಂಗಿಲ್ಲ.
ಹೊತ್ತು ನೋಡಿ ಬರೋದು ಹೊತ್ತಿಂದೇ ತಪ್ಪು.

ಕೆಲಸ ಕಲಿಸಿದ ಸಾಯಬಣ್ಣ ಹೇಳ್ತಿದ್ದ:
"ಎರಡು ಗಡಿಯಾರ, ಎರಡೂ ಖರೇ ಇರಬಹುದು ತಂಗಿ.
ಕೂದಲೆಳಿಯಷ್ಟು ಫರಕ. ಆ ಫರಕ ಎಲ್ಲಿ ಹೋಗ್ತದ?
ಬಫರಿನ್ಯಾಗ ಕುಂಡರತದ, ಬಿಟ್ಟಿಗೆ ಬಿಟ್ಟು ಕೂಡಿ.
ಹನಿ ಹನಿ ಕೂಡಿದ್ರ ಹಳ್ಳ ಅಂತಾರಲ್ಲ,
ಹಳ್ಳ ತುಂಬಿದ ಮ್ಯಾಲ ಏನು ಅಂತ
ಗಾದಿ ಹೇಳಂಗಿಲ್ಲ."

ಅದಕ್ಕೇ ಹೊರಗಿನ ಗಡಿಯಾರ.
ಬುತ್ತಿ ಡಬ್ಬಿಯಷ್ಟು ಪೆಟ್ಟಿಗಿ,
ಸೆಕೆಂಡಿಗೆ ಒಂದು ಕೋಟಿ ಬಡಿತ, ಒಂದೂ ತಪ್ಪಂಗಿಲ್ಲ.
ಬೆರಳು ದಪ್ಪನ ಒಂದು ಕೇಬಲ್ಲು ಮೋಡೆಮ್ಮಿಗೆ.
ತನ್ನ ಹರಳಿನ ಬಡಿತ ಬಿಟ್ಟು
ಅದು ಇದರ ಹೆಜ್ಜಿಗೆ ಹೆಜ್ಜಿ ಹಾಕಬೇಕು.

ದೀಪ ಹಸರೇ ಇತ್ತು. ಪರದೀ ಮ್ಯಾಲ "ಎಕ್ಸ್‌ಟರ್ನಲ್" ಅಂತಲೇ ಇತ್ತು.
ಗುಂಡಿ ಒತ್ತಿ ಒತ್ತಿ ಏಳನೇ ಪುಟಕ್ಕಿಳಿದೆ.
ಅಲ್ಲಿ ಸಣ್ಣ ಅಕ್ಷರದಾಗ: ರೆಫರೆನ್ಸ್ ಇಲ್ಲ,
ಒಳಗಿಂದರ ಮ್ಯಾಲೇ ನಡದದ,
ಗುರುವಾರ ಸಂಜಿ ನಾಲ್ಕರಿಂದ.

ಏಸಿ ಇದ್ದಾಗ ಟಕ್ ದಿನಕ್ಕೊಂದೋ ಎರಡೋ,
ಯಾರ ಕಿವಿಗೂ ಬಿದ್ದಿಲ್ಲ. ಝಳಕ್ಕ ಹರಳು ದಾರಿ ಬಿಟ್ಟದ.

ಗುರುವಾರ. ತಿಂಗಳ ಕಡಿ ದಿನ.
ಹೊರಗ ನಾವು ಪ್ಲೇಟಿಗೆ ಚೂಡಾ ಹಾಕ್ಲತ್ತಿದ್ವಿ.
ಮಾಲಿ ಹಾಕಿಸ್ಕೊಳ್ಳೋಕಿಂತ ಮೊದಲ ಸಾಯಬಣ್ಣ,
"ಇದರ ತುದಿ ಹಳೀದಾಗ್ಯದ, ಹೊಸಾದು ಹಚ್ಚಿ ಹೋಗ್ತೀನಿ" ಅಂತ
ಒಬ್ಬನೇ ಒಳಗ ಹೋಗಿದ್ದ.

ಕಾಲು ಸುತ್ತು ತಿರುವಿ ತುದಿ ಬಿಚ್ಚಿದೆ.
ಬೆಸುಗಿ ಬೂದಿ ಬಣ್ಣ, ಪಿನ್ನಿನ ಬಗಲಿಗೆ ಕುಂತದ.
ತಂತಿ ಪಿನ್ನು ಮುಟ್ಟೇ ಇಲ್ಲ.
"ಬೆಸುಗಿ ಮೀನಿನ ಕಣ್ಣಿನಂಗ ಹೊಳೀಬೇಕು" ಅಂತ
ನನ್ನ ಕೈಯಾಗಿನ ಕಬ್ಬಿಣ ಕಸಗೊಂಡು
ಮೂರು ಮೂರು ಸಲ ಮಾಡಿಸಿದಾಂವ.

ಆಮ್ಯಾಲ ಒಂದೊಂದೇ ನೆಪ್ಪಾತು.
"ಓದು ತಂಗಿ, ನಿನ್ನ ದನಿ ಚಲೋ ಅದ" ಅಂತ
ಎರಡು ವರ್ಷದಿಂದ ಮೀಟರು ನನ್ನ ಕಡಿಂದೇ ಓದಿಸ್ತಿದ್ದ.
ಚಹಾ ಬಸಿಗಿ ಬಿಟ್ಟು ಟೇಬಲ್ಲಿಗೆ ಹಾಕ್ತಿದ್ದ,
"ಬಸಿ ಸಣ್ಣದು" ಅಂತ ನಗ್ತಿದ್ದ.
ನಾನೂ ನಗ್ತಿದ್ದೆ.

ಕತ್ತರಿಸಿ, ಸುಲಿದು, ಹೊಸಾ ಪಿನ್ನು ಇಟ್ಟು ಬೆಸದೆ.
ದೀಪ ಮಿಣಕತು, ಮಿಣಕತು, ನಿಂತಿತು.
ಹತ್ತು ನಿಮಿಷ. ಹನ್ನೊಂದು.
ಮಾಲಗಾಡಿಯೊಂದು ಕಲ್ಲು ಹೇರ್ಕೊಂಡು
ಶೆಡ್ಡಿನ ತಗಡು ನಡಗಿಸಿ ಹೋತು.
ಹನ್ನೆರಡು.

ಲಾಗ್ ಬುಕ್ಕಿನ್ಯಾಗ "ಕಾರಣ" ಅಂತ ಒಂದು ಖಾನಿ ಅದ.
ಪೆನ್ನು ಅಲ್ಲೇ ನಿಂತಿತ್ತು ಭಾಳೊತ್ತು.
"ಝಳ" ಅಂತ ಬರದೆ.
ಸುಳ್ಳೇನಲ್ಲ.

ಆ ಹಳೀ ತುದಿ ಪರ್ಸಿನ್ಯಾಗ ಅದ.
ಬರೋ ಐತವಾರ ನಾಲವಾರಕ್ಕ ಹೋಗಬೇಕು.
ಕಣ್ಣಿನ ಡಾಕ್ಟರು ಐತವಾರ ಕುಂಡರತಾರೋ ಇಲ್ಲೋ
ಮೊದಲ ಕೇಳಬೇಕು.